ಪೂರ್ತಿ ಮಾಡಬೇಡಿ ಪ್ಲೀಸ್...

ಅರ್ಧಕ್ಕೆ ನಿಂತ ಪೆನ್ಸಿಲ್ ಚಿತ್ರವೊಂದು ನಿಮ್ಮ ಮನೆಯ ಟ್ರಂಕಿನಲ್ಲೋ, ಹಳೇ ಪುಸ್ತಕದ ನಡುವೆಯೋ ಸಿಕ್ಕಿದರೆ ದಯವಿಟ್ಟು ಅದನ್ನು ಬೇರೆ ಯಾರ ಕೈಲೂ ಪೂರ್ತಿ ಮಾಡಿಸಬೇಡಿ. ಎಷ್ಟೇ ದೊಡ್ಡ ಕಲಾವಿದ ಆಗಿರಲಿ, ಎಷ್ಟೇ ಬುದ್ಧಿವಂತ ಆಪ್ ಆಗಿರಲಿ. ಚಿತ್ರ ಬರೆದವರು ಬದುಕಿದ್ದು, ಅವರೆದುರಿಗೆ ಕೂತವರೂ ಬದುಕಿದ್ದರೆ ಮಾತು ಬೇರೆ. ಇಲ್ಲವಾದರೆ ಅದು ಎಲ್ಲಿಗೆ ನಿಂತಿದೆಯೋ ಅಲ್ಲಿಗೇ ಬಿಟ್ಟುಬಿಡಿ.

ಇಷ್ಟು ಖಡಾಖಂಡಿತವಾಗಿ ಹೇಳೋದಕ್ಕೆ ಕಾರಣ ಇದೆ. ಕೆಲವು ವಾರಗಳಿಂದ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಇದೇ ವಿಷಯಕ್ಕೆ ಚರ್ಚೆ ನಡೀತಾ ಇದೆ. ಚರ್ಚೆ ಅನ್ನೋದು ಮರ್ಯಾದೆಯ ಪದ. ಜಗಳ ಅಂತಲೇ ಇಟ್ಕೊಳ್ಳಿ :)

ವಿಷಯ ಇಷ್ಟೇ. ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಚಿಕ್ಕಪ್ಪ ಅಜ್ಜಿಯ ಚಿತ್ರ ಬರೆಯೋಕೆ ಕೂತಿದ್ದ. ಆಗಷ್ಟೇ ಡ್ರಾಯಿಂಗ್ ಹೈಯರ್ ಪರೀಕ್ಷೆ ಪಾಸು ಮಾಡಿದ್ದ ಹುರುಪು. ಅಜ್ಜಿ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸ್ತಾ ಇದ್ದಳಂತೆ. ಚಿತ್ರದಲ್ಲಿ ಅಜ್ಜಿಯ ಎರಡು ಕಣ್ಣಿದೆ. ಹುಬ್ಬು, ಮೂಗು, ಮೂಗುತಿ ಇದೆ. ಬೈತಲೆಯ ಒಂದು ಬದಿಗೆ ಮಾತ್ರ ಕೂದಲಿದೆ. ಒಂದು ಕಿವಿ ಇದೆ, ಅದರ ಓಲೆ ಬರೀ ಒಂದು ಸುತ್ತು ಗೆರೆ. ಮೂಗಿನ ಕೆಳಗೆ ಏನೂ ಇಲ್ಲ. ಏನೂ ಇಲ್ಲ ಅಂದರೆ ತಪ್ಪಾಗತ್ತೆ. ಬಾಯಿ ಇರಬೇಕಾದ ಜಾಗದಲ್ಲಿ ರಬ್ಬರಿನಿಂದ ಎರಡು ಮೂರು ಸಲ ಉಜ್ಜಿ ಉಜ್ಜಿ ಕಾಗದ ತರಿತರಿಯಾಗಿದೆ. ಅದರ ಕೆಳಗೆ ಗಲ್ಲಕ್ಕೆ ಒಂದು ತೆಳು ಗೆರೆ. ಅಷ್ಟೇ.

ಬಾಯಿ ಯಾಕಿಲ್ಲ ಅಂತ ಅವತ್ತು ಅಲ್ಲೇ ಇದ್ದ ಅತ್ತೆ ಹೇಳ್ತಾರೆ. "ಅಮ್ಮ ಬಾಯಿ ಮುಚ್ಚಿದ್ರೆ ತಾನೇ ಅವನು ಬರೆಯೋದು! ಅವನು ಸುಮ್ನಿರಮ್ಮಾ ಒಂದು ನಿಮಿಷ ಅಂತಾನೆ, ಇವಳು ಸರಿ ಅಂತಾಳೆ, ಮರುಕ್ಷಣಕ್ಕೆ ಪಕ್ಕದ ಮನೆಯವರ ಎಮ್ಮೆ ಕಥೆ ಶುರು." ಅಷ್ಟೊತ್ತಿಗೆ ಸಂಜೆ ಆಯ್ತು. ಹಾಲು ಕರೆಯೋ ಹೊತ್ತಾಯ್ತು ಅಂತ ಅಜ್ಜಿ ಎದ್ದು ಕೊಟ್ಟಿಗೆಗೆ ಹೋದಳು. ನಾಳೆ ಮುಗಿಸ್ತೀನಿ ಅಂದ ಚಿಕ್ಕಪ್ಪ. ಆ ನಾಳೆ ಬರಲಿಲ್ಲ. ಅವನಿಗೆ ಬೊಂಬಾಯಿಯಲ್ಲಿ ಕೆಲಸ ಸಿಕ್ತು. 1986ರಲ್ಲಿ ಅಜ್ಜಿ ಹೋದಳು. ಈಗ ಚಿಕ್ಕಪ್ಪನೂ ಇಲ್ಲ.

ಈಗ ಜಗಳಕ್ಕೆ ಬರೋಣ. ಅತ್ತೆಯ ಮಗ ಹೊಸ ಮನೆ ಕಟ್ಟಿಸಿದ್ದಾನೆ. ಹಾಲಿನ ಗೋಡೆಗೆ ಅಜ್ಜಿಯ ಚಿತ್ರ ದೊಡ್ಡದಾಗಿ ಹಾಕಬೇಕು ಅಂತ ಅವನ ಆಸೆ. ಚಿಕ್ಕಪ್ಪ ಬರೆದದ್ದನ್ನು ಫೋನಿನಲ್ಲಿ ಫೋಟೋ ತೆಗೆದು, ಎಐ ಆಪ್ ಒಂದಕ್ಕೆ ಕೊಟ್ಟು, ಇದನ್ನು ಪೂರ್ತಿ ಮಾಡು ಅಂದ. ಜೊತೆಗೆ ಅಜ್ಜಿಯ ಒಂದೇ ಒಂದು ಸ್ಟುಡಿಯೋ ಫೋಟೋ ಇತ್ತಲ್ಲ, ಅದನ್ನೂ ಕೊಟ್ಟ. ಒಂದು ನಿಮಿಷ ಆಗಿರಬಹುದು ಅಷ್ಟೇ, ಅಜ್ಜಿ ಪೂರ್ತಿಯಾಗಿ ಬಂದಳು. ತುಟಿ ಬಂತು, ಇನ್ನೊಂದು ಬದಿಯ ಕೂದಲು ಬಂತು, ಓಲೆಯ ಹರಳು ಹೊಳೀತು, ಸೀರೆಗೆ ಅಂಚು ಬಂತು. ಗುಂಪಿನ ತುಂಬಾ ಕೆಂಪು ಹೃದಯಗಳು. ಚಿತ್ರ ಚಂದವೇ ಇದೆ, ಸುಳ್ಳು ಹೇಳಲ್ಲ. ನಾನೊಬ್ಬಳು ಮಾತ್ರ "ಬೇಡ" ಅಂತ ಬರೆದೆ.

ಯಾಕೆ ಬೇಡ? ಅಲ್ಲಿ ಎರಡು ಸಾಲಿನಲ್ಲಿ ಹೇಳೋಕೆ ಆಗಲಿಲ್ಲ. ಇಲ್ಲಿ ಪ್ರಯತ್ನ ಮಾಡ್ತೀನಿ.

ಮೊದಲು ಪೆನ್ಸಿಲ್ಲಿನ ವಿಷಯ. ಚಿತ್ರದ ಬೇರೆ ಬಗೆಗಳಲ್ಲಿ ಅರ್ಧ ಕೆಲಸ ಮುಚ್ಚಿಹೋಗತ್ತೆ. ತೈಲವರ್ಣದಲ್ಲಿ ಅಡಿಯಲ್ಲಿ ಬರೆದ ಗೆರೆಯನ್ನು ಮೇಲಿನ ಬಣ್ಣ ಮುಚ್ಚಿಬಿಡತ್ತೆ. ಪೆನ್ಸಿಲ್ಲಿನಲ್ಲಿ ಹಾಗಲ್ಲ. ಮೊದಲು ಎಚ್‌ಬಿಯಲ್ಲೋ ಅದಕ್ಕಿಂತ ಗಡುಸಾದ 2ಎಚ್‌ನಲ್ಲೋ ಮೊಟ್ಟೆಯಾಕಾರ, ಮಧ್ಯಕ್ಕೊಂದು ಉದ್ದ ಗೆರೆ, ಕಣ್ಣಿನ ಮಟ್ಟಕ್ಕೊಂದು ಅಡ್ಡ ಗೆರೆ. ಆಮೇಲೆ 2ಬಿ, 4ಬಿ ತಗೊಂಡು ನೆರಳು. 1795ರಲ್ಲಿ ಫ್ರಾನ್ಸಿನ ಕೋಂಟೆ ಅನ್ನುವವನು ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನ ಕಂಡುಹಿಡಿದ ಮೇಲೆ ಈ ಗಡುಸು-ಮೆದು ಲೆಕ್ಕವೆಲ್ಲ ಬಂತು. ಮಣ್ಣು ಹೆಚ್ಚಾದರೆ ಗಡುಸು, ಗ್ರಾಫೈಟ್ ಹೆಚ್ಚಾದರೆ ಮೆದು ಮತ್ತು ಕಪ್ಪು. ಆದರೆ ಯಾವ ಪೆನ್ಸಿಲ್ಲಾದರೂ ಒಂದು ಗುಣ ಮಾತ್ರ ಒಂದೇ. ತಪ್ಪಿದ ಗೆರೆ ಸರಿಯಾದ ಗೆರೆಯ ಪಕ್ಕದಲ್ಲೇ ಕೂತಿರತ್ತೆ. ಒರೆಸಿದರೂ ಗುರುತು ಉಳಿಯತ್ತೆ. ಅಂಗೈ ತಾಗಿದ ಮಸಿ ಕೂಡ ಉಳಿಯತ್ತೆ. ನಮ್ಮ ಅಜ್ಜಿಯ ಚಿತ್ರದ ಬಲಮೂಲೆಯಲ್ಲಿ ಚಿಕ್ಕಪ್ಪನ ಕಿರುಬೆರಳಿನ ಬುಡ ಒತ್ತಿದ ಬೂದು ಗುರುತು ಈಗಲೂ ಇದೆ.

ಹಾಗಾಗಿ ಅರ್ಧಕ್ಕೆ ನಿಂತ ಪೆನ್ಸಿಲ್ ಚಿತ್ರವನ್ನು ನೋಡಿದರೆ, ಬರೆದವನ ಕಣ್ಣು ಎಲ್ಲೆಲ್ಲಿ ಓಡಾಡಿತು ಅಂತ ಹೇಳಬಹುದು. ಎಲ್ಲಿ ಗೆರೆ ಗಟ್ಟಿಯಾಗಿದೆಯೋ ಅಲ್ಲಿ ಅವನು ಹೆಚ್ಚು ಹೊತ್ತು ನೋಡಿದ್ದಾನೆ. ಚಿಕ್ಕಪ್ಪ ಅಜ್ಜಿಯ ಎಡಗಣ್ಣಿನ ಕೆಳಗಿನ ಸುಕ್ಕುಗಳನ್ನು ಒಂದೊಂದಾಗಿ ಬರೆದಿದ್ದಾನೆ, ಮೂಗುತಿಯಲ್ಲಿ ಬೆಳಕು ಬಿದ್ದ ಜಾಗಕ್ಕೆ ಸಾಸಿವೆಯಷ್ಟು ಬಿಳಿ ಬಿಟ್ಟಿದ್ದಾನೆ. ಕಿವಿಯ ಬಗ್ಗೆ ಅವನಿಗೇನೂ ಆಸಕ್ತಿ ಇರಲಿಲ್ಲ. ಮುಗಿದ ಚಿತ್ರದಲ್ಲಿ ಇದೆಲ್ಲ ಒಂದೇ ಹದಕ್ಕೆ ಬಂದುಬಿಡತ್ತೆ. ಕಿವಿಗೂ ಕಣ್ಣಿನಷ್ಟೇ ನೆರಳು ಸಿಗತ್ತೆ. ಆಗ ಯಾರೋ ಒಬ್ಬ ಹೆಂಗಸಿನ ಮುಖ ಸಿಗತ್ತೆ. ಮಗ ತಾಯಿಯನ್ನು ನೋಡಿದ ರೀತಿ ಕಳೆದುಹೋಗತ್ತೆ.

ಇನ್ನೊಂದು ವಿಷಯ ಯೋಚಿಸಿ. ನಾವು ಒಬ್ಬರ ಮುಖವನ್ನು ಒಂದೇ ಸಮನೆ ಇಪ್ಪತ್ತು ನಿಮಿಷ ನೋಡುವುದು ಬದುಕಿನಲ್ಲಿ ಎಷ್ಟು ಸಲ? ತಾಯಿ ಮಲಗಿದ ಮಗುವನ್ನು ನೋಡ್ತಾಳೆ. ಹೊಸದಾಗಿ ಮದುವೆಯಾದವರು ನೋಡ್ತಾರೇನೋ... ಉಳಿದಂತೆ ನಮ್ಮಲ್ಲಿ ದುರುಗುಟ್ಟಿ ನೋಡೋದು ತಪ್ಪು. ದೊಡ್ಡವರನ್ನು ಹಾಗೆ ನೋಡಿದರೆ ಅವಿಧೇಯತೆ, ಚಿಕ್ಕವರನ್ನು ನೋಡಿದರೆ ದೃಷ್ಟಿ ತಾಗತ್ತೆ. ಅವತ್ತಿನ ಕಾಲದಲ್ಲಿ ಇಪ್ಪತ್ತು ವರ್ಷದ ಗಂಡುಹುಡುಗ ತನ್ನ ಅಮ್ಮನ ಮುಖವನ್ನು ಅಷ್ಟು ಹೊತ್ತು ನೋಡೋಕೆ ಕೈಯಲ್ಲೊಂದು ಪೆನ್ಸಿಲ್ ಬೇಕೇ ಬೇಕಿತ್ತು. ಅಮ್ಮನಿಗೂ ಅಷ್ಟೇ, ಮಗ ನನ್ನನ್ನೇ ನೋಡ್ತಾ ಕೂತಿದ್ದಾನೆ ಅನ್ನುವ ಸಂಕೋಚಕ್ಕೆ ಕೈಯಲ್ಲೊಂದು ಮೊರ ಬೇಕಿತ್ತು, ಎಮ್ಮೆ ಕಥೆ ಬೇಕಿತ್ತು. ಅವರಿಬ್ಬರ ನಡುವೆ ಆ ಒಂದು ಮಧ್ಯಾಹ್ನ ನಡೆದದ್ದು ಆ ಕಾಗದದ ಮೇಲಿದೆ.

ಅಂದ ಹಾಗೆ, ಪ್ರತಿವರ್ಷ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯತ್ತಲ್ಲ, 2003ರಿಂದ ಚಿತ್ರಕಲಾ ಪರಿಷತ್ತಿನವರು ನಡೆಸ್ತಾ ಬಂದಿರೋದು. ಅಲ್ಲಿ ಸ್ಟೂಲು ಹಾಕಿಕೊಂಡು ಕೂತ ಕಲಾವಿದರು ಎದುರಿಗೆ ಕೂತವರ ಮುಖವನ್ನು ನೋಡ್ತಾ ನೋಡ್ತಾ ಬರೆದು ಕೊಡ್ತಾರೆ. ಸುತ್ತ ಜನ ನಿಂತು ನೋಡ್ತಾರೆ. ಬರೆಸಿಕೊಳ್ಳುವವರ ಮುಖವನ್ನು ಗಮನಿಸಿದ್ದೀರಾ? ಮೊದಲೆರಡು ನಿಮಿಷ ನಗು ತಡೆಯೋಕಾಗಲ್ಲ. ಆಮೇಲೆ ನಾಚಿಕೆ. ಆಮೇಲೆ ಒಂದು ಥರಾ ಗಂಭೀರ ಆಗಿಬಿಡ್ತಾರೆ. ಅಪರಿಚಿತನೊಬ್ಬ ಹತ್ತು ನಿಮಿಷ ನೋಡಿದ್ದಕ್ಕೇ ಇಷ್ಟಾದರೆ, ಮನೆಯವರೇ ನೋಡಿ ಬರೆದದ್ದರಲ್ಲಿ ಇನ್ನೆಷ್ಟಿರಬೇಡ.

ಈಗ ನನ್ನ ವಾದಕ್ಕೆ ದೊಡ್ಡ ಸಾಕ್ಷಿ ಒಂದನ್ನು ಕರೆತರ್ತೀನಿ. ಸಾಕ್ಷಿ ಇಂಗ್ಲೆಂಡಿನವಳು :)

ಪ್ರೈಡ್ ಅಂಡ್ ಪ್ರೆಜುಡೀಸ್ ಬರೆದ ಜೇನ್ ಆಸ್ಟಿನ್ ಗೊತ್ತಲ್ಲ. ಅವಳ ಮುಖ ಹೇಗಿತ್ತು ಅಂತ ಹೇಳಬಲ್ಲ, ಖಚಿತವಾಗಿ ಅವಳದೇ ಅನ್ನಬಹುದಾದ ಮುಖದ ಚಿತ್ರ ಅಂತ ಸಾಮಾನ್ಯವಾಗಿ ಒಪ್ಪಿಕೊಂಡಿರೋದು ಒಂದನ್ನೇ. ಅಂಗೈಯಗಲದ ಕಾಗದದ ಮೇಲೆ ಅವಳ ಅಕ್ಕ ಕಸಾಂಡ್ರಾ ಸುಮಾರು 1810ರಲ್ಲಿ ಬರೆದದ್ದು. ಪೆನ್ಸಿಲ್ಲು, ಸ್ವಲ್ಪ ಜಲವರ್ಣ. ಮುಖಕ್ಕೆ, ಟೋಪಿಯಡಿಯಿಂದ ಇಣುಕುವ ಗುಂಗುರು ಕೂದಲಿಗೆ ಒಂಚೂರು ಬಣ್ಣ ಬಿದ್ದಿದೆ. ಕತ್ತಿನ ಕೆಳಗೆ ಬರೀ ಪೆನ್ಸಿಲ್ ಗೆರೆಗಳು, ಅವಸರದವು. ಕೈ ಕಟ್ಟಿಕೊಂಡಿದ್ದಾಳೆ. ತುಟಿ ಬಿಗಿ. ಕಣ್ಣು ನಮ್ಮ ಕಡೆ ಇಲ್ಲ, ಎಲ್ಲೋ ಪಕ್ಕಕ್ಕೆ. "ಮುಗೀತಾ ನಿಂದು?" ಅಂತ ಕೇಳುವ ಹಾಗಿದೆ. (ಇದೇ ಕಸಾಂಡ್ರಾ 1804ರಲ್ಲಿ ಬರೆದ ಇನ್ನೊಂದು ಚಿತ್ರದಲ್ಲಿ ತಂಗಿ ಬೆನ್ನು ತಿರುಗಿಸಿ ಕೂತಿದ್ದಾಳೆ, ಮುಖವೇ ಕಾಣಲ್ಲ!)

ಈ ಅಕ್ಕತಂಗಿಯರಿಬ್ಬರೂ ಮದುವೆಯಾಗಲಿಲ್ಲ. ಚಾಟನ್ ಅನ್ನುವ ಹಳ್ಳಿಯ ಮನೆಯಲ್ಲಿ ಒಂದೇ ಕೋಣೆಯಲ್ಲಿ ಮಲಗ್ತಾ ಇದ್ದವರು. 1817ರಲ್ಲಿ ಜೇನ್ ತೀರಿಕೊಂಡಾಗ ಪಕ್ಕದಲ್ಲಿದ್ದದ್ದು ಇದೇ ಅಕ್ಕ. ಆಮೇಲೆ ತಂಗಿಯ ಕಾಗದಗಳಲ್ಲಿ ಬಹುಪಾಲನ್ನು ಕಸಾಂಡ್ರಾ ಸುಟ್ಟುಹಾಕಿದಳು, ಉಳಿದ ಕೆಲವಕ್ಕೂ ಕತ್ತರಿ ಹಾಕಿದಳು. ಹೊರಗಿನವರಿಗೆ ಗೊತ್ತಾಗಬಾರದ್ದು ಏನೇನಿತ್ತೋ. ಈ ಅರ್ಧಂಬರ್ಧ ಚಿತ್ರ ಮಾತ್ರ ಉಳೀತು.

ಜೇನ್ ತೀರಿಕೊಂಡು 52 ವರ್ಷ ಆದ ಮೇಲೆ, 1869ರಲ್ಲಿ, ಅವಳ ಅಣ್ಣನ ಮಗ ಅತ್ತೆಯ ಜೀವನಚರಿತ್ರೆ ಬರೆಯೋಕೆ ಹೊರಟ. ಪುಸ್ತಕಕ್ಕೊಂದು ಚಿತ್ರ ಬೇಕಲ್ಲ. ಇರೋದು ಇದೊಂದೇ. ಕೈ ಕಟ್ಟಿಕೊಂಡು, ಮುಖ ಸಿಂಡರಿಸಿಕೊಂಡು ಕೂತ ಅತ್ತೆಯನ್ನು ಓದುಗರಿಗೆ ತೋರಿಸೋದು ಹೇಗೆ? ಜೇಮ್ಸ್ ಆಂಡ್ರೂಸ್ ಅನ್ನುವ ಕಲಾವಿದನಿಗೆ ಕೊಟ್ಟು ಈ ಸ್ಕೆಚ್ಚನ್ನು ಆಧರಿಸಿ ಒಂದು ಒಳ್ಳೆಯ ಜಲವರ್ಣ ಮಾಡಿಸಿದ. ಕಣ್ಣು ದೊಡ್ಡದಾಯ್ತು, ಮುಖ ದುಂಡಗಾಯ್ತು, ತುಟಿಯ ಬಿಗಿ ಸಡಿಲಾಯ್ತು, ಉಡುಪಿಗೆ ನೆರಿಗೆ ಎಲ್ಲ ಬಂತು. ಒಳ್ಳೇ ಮನೆತನದ ಸೌಮ್ಯ ಹೆಂಗಸೊಬ್ಬಳು ತಯಾರಾದಳು. ಅದನ್ನು ನೋಡಿ ಅಚ್ಚಿನ ಪಡಿಯಚ್ಚು ಕೆತ್ತಿಸಿ ಪುಸ್ತಕಕ್ಕೆ ಹಾಕಿದರು. 2017ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹೊರತಂದ ಹತ್ತು ಪೌಂಡಿನ ನೋಟಿನ ಮೇಲೆ ಬಂದದ್ದು ಈ ಸೌಮ್ಯ ಹೆಂಗಸೇ.

ಇದನ್ನು ಯಾಕೆ ಹೇಳಿದೆ ಅಂದರೆ, ನನ್ನ ಅತ್ತೆಯ ಮಗನ ಮುಖ್ಯ ವಾದ ಇದು: "ಅಯ್ಯೋ, ನಾನೇನು ಚಿಕ್ಕಪ್ಪನ ಕಾಗದ ಮುಟ್ಟಿದ್ದೀನಾ? ಅದು ಹಾಗೇ ಇದೆ. ನಾನು ಮಾಡಿದ್ದು ಕಾಪಿ ಮೇಲೆ ತಾನೇ?" ಸರಿಯಾದ ಮಾತು. ಆಂಡ್ರೂಸ್ ಕೂಡ ಕಸಾಂಡ್ರಾಳ ಕಾಗದ ಮುಟ್ಟಲಿಲ್ಲ. ಅದು 1948ರಿಂದ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿ ಭದ್ರವಾಗಿದೆ. ಆದರೆ ಜನರ ಜೇಬಿಗೆ ಹೋದದ್ದು ಯಾವುದು? ಕೋಟಿಗಟ್ಟಲೆ ನೋಟುಗಳಲ್ಲಿ ಅಚ್ಚಾದದ್ದು ಯಾವುದು? ಪೂರ್ತಿಯಾದ ಚಿತ್ರ ಗೋಡೆಗೆ ಬಂದ ದಿನ ಅರ್ಧದ ಚಿತ್ರ ಬೀರುವಿಗೆ ಹೋಗತ್ತೆ. ಇನ್ನು ಹತ್ತು ವರ್ಷಕ್ಕೆ ನಮ್ಮನೆ ಮಕ್ಕಳಿಗೆ ಮುತ್ತಜ್ಜಿ ಅಂದರೆ ತುಟಿ ಮುಚ್ಚಿ ಮುಗುಳ್ನಗುವ ಆ ಹೆಂಗಸೇ. ಮೂಲ ಸುರಕ್ಷಿತವಾಗಿದೆ ಅನ್ನೋದು ಸಾಲೋದಿಲ್ಲ. ಯಾವುದನ್ನು ನೋಡ್ತೀವಿ ಅನ್ನೋದೂ ಮುಖ್ಯ.

ಅವನ ಎರಡನೇ ವಾದ: "ಬಾಯಿ ಆಪ್ ಸೃಷ್ಟಿ ಮಾಡಿದ್ದಲ್ಲ, ಅಜ್ಜಿದೇ ಫೋಟೋದಿಂದ ತಗೊಂಡಿದ್ದು." ಇದೂ ನಿಜ. ಆ ಫೋಟೋ ನೀವು ನೋಡಬೇಕು. ಪೇಟೆಯ ಸ್ಟುಡಿಯೋ, ಹಿಂದೆ ಪರದೆ, ಎರಡೂ ಕೈ ಮೊಣಕಾಲ ಮೇಲೆ. ಅಲುಗಾಡಬೇಡಿ ಅಂದಿದ್ದಾರೆ, ಅಜ್ಜಿ ಉಸಿರನ್ನೂ ಹಿಡಿದುಕೊಂಡಿದ್ದಾಳೆ. ಎರಡು ಕಿವಿ, ಎರಡು ಓಲೆ, ಬಾಯಿ, ಗಲ್ಲ ಎಲ್ಲ ಇದೆ. ಆದರೆ ಅಜ್ಜಿಯನ್ನು ಕಂಡ ಯಾರೂ ಆ ಫೋಟೋ ನೋಡಿ ಇದು ಅವಳೇ ಅಂತ ಹೇಳಲ್ಲ. ಬಾಯಿಲ್ಲದ ಪೆನ್ಸಿಲ್ ಚಿತ್ರ ತೋರಿಸಿದರೆ ಊರವರೂ ಥಟ್ಟಂತ ಹೇಳ್ತಾರೆ. ಈಗ ಆಪ್ ಮಾಡಿದ್ದೇನು ನೋಡಿ. ಮಾತಾಡ್ತಾ ಇದ್ದ ದಿನದ ಕಣ್ಣಿಗೆ, ಹೆದರಿ ಕೂತಿದ್ದ ದಿನದ ಬಾಯಿ ಅಂಟಿಸಿದೆ. ಎರಡೂ ಅಜ್ಜಿಯದೇ. ಕೂಡಿಸಿದರೆ ಮಾತ್ರ ಅಜ್ಜಿಯಲ್ಲ. ಜೀವಮಾನದಲ್ಲಿ ಯಾರ ಮಾತಿಗೂ ಬಾಯಿ ಮುಚ್ಚದವಳ ಬಾಯನ್ನು ನಾವು ಮುಚ್ಚಿಸಿದ ಹಾಗಾಯ್ತು.

ನಾವು ಕನ್ನಡದಲ್ಲಿ ಚಿತ್ರವನ್ನೂ ಬರೀತೀವಿ, ಕಾಗದವನ್ನೂ ಬರೀತೀವಿ. ಎರಡಕ್ಕೂ ಒಂದೇ ಕ್ರಿಯಾಪದ. ಹಾಗಾದರೆ ಒಂದು ಪ್ರಶ್ನೆ. ನಿಮ್ಮ ತಾತ ಅಜ್ಜಿಗೆ ಬರೆದ ಹಳೇ ಕಾಗದವೊಂದು ಸಿಕ್ಕಿತು ಅಂದ್ಕೊಳ್ಳಿ. "ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು, ತರುವಾಯ ವಿಶೇಷವೇನೆಂದರೆ..." ಅಲ್ಲಿಗೆ ನಿಂತಿದೆ. ಆ ವಿಶೇಷ ಏನು ಅಂತ ನೀವು ಬೇರೆಯವರ ಕೈಲಿ ಬರೆಸಿ, ಕೆಳಗೆ ತಾತನ ರುಜು ಹಾಕಿಸ್ತೀರಾ? ಅವರದೇ ಬೇರೆ ಕಾಗದದಿಂದ ಎರಡು ಸಾಲು ತಂದು ಸೇರಿಸಿದರೂ ಅದು ತಾತನ ಕಾಗದ ಆಗತ್ತಾ? ಕಾಗದಕ್ಕೆ ಮಾಡದ್ದನ್ನು ಚಿತ್ರಕ್ಕೆ ಯಾಕೆ ಮಾಡ್ತೀವಿ?

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕಿರುವ ತೊಡಕುಗಳನ್ನೂ ಹೇಳಬೇಕು.

ಒಂದು, ಹೋಲಿಕೆ. ಕಸಾಂಡ್ರಾ ಬರೆದ ಚಿತ್ರ ಜೇನಳ ಹಾಗೆ ಒಂಚೂರೂ ಇಲ್ಲ ಅಂತ ಅವರ ಮನೆಯವಳೇ, ಜೇನಳ ಅಣ್ಣನ ಮಗಳೊಬ್ಬಳು, ಹೇಳಿದ್ದಳು. ಕಸಾಂಡ್ರಾ ದೊಡ್ಡ ಕಲಾವಿದೆಯೇನಲ್ಲ. ನಮ್ಮ ಚಿಕ್ಕಪ್ಪನೂ ಅಲ್ಲ. ಹಾಗಿದ್ದರೆ ಆಂಡ್ರೂಸನದು ತಪ್ಪೇನು? ನನಗನ್ನಿಸೋದು ಹೀಗೆ. ಎಲ್ಲರಿಗೂ ಕಾಣುವ ಜೇನ್ ಕಸಾಂಡ್ರಾಳ ಚಿತ್ರದಲ್ಲಿ ಇಲ್ಲದಿರಬಹುದು. ಅಣ್ಣನ ಮಕ್ಕಳಿಗೆ ಕಥೆ ಹೇಳುವಾಗಿನ ಅತ್ತೆಯ ಮುಖ ಬೇರೆ, ಅಕ್ಕ ಕೂತ್ಕೋ ಅಂದಾಗ ಗೊಣಗ್ತಾ ಕೂತ ತಂಗಿಯ ಮುಖ ಬೇರೆ. ಆ ಎರಡನೆಯದನ್ನು ಕಂಡವಳು ಕಸಾಂಡ್ರಾ. ಕೈ ಎಷ್ಟೇ ಎಡವಿರಲಿ, ಎದುರಿಗೆ ಕೂತವಳನ್ನು ನೋಡಿ ಬರೆದ ಗೆರೆ ಅದು. ಆಂಡ್ರೂಸ್ ಎಷ್ಟೇ ನುರಿತವನಾಗಿರಲಿ, 52 ವರ್ಷದ ಹಿಂದೆ ಹೋದವಳನ್ನು ಎದುರಿಗೆ ಕೂರಿಸಿಕೊಳ್ಳೋಕೆ ಅವನಿಗೆ ಸಾಧ್ಯವಿರಲಿಲ್ಲ. ಇಡೀ ವಿಷಯ ನನ್ನ ಮಟ್ಟಿಗೆ ಇಲ್ಲಿಗೆ ಬಂದು ನಿಲ್ಲತ್ತೆ. ನೋಡಿ ಬರೆದ ಗೆರೆಯ ಪಕ್ಕ ನೋಡದೇ ಬರೆದ ಗೆರೆಯನ್ನು, ಎರಡೂ ಒಂದೇ ಅನ್ನುವ ಹಾಗೆ ಕೂರಿಸಬಾರದು. ಆಪ್ ಲಕ್ಷಾಂತರ ಮುಖ ನೋಡಿರಬಹುದು. ನಮ್ಮ ಅಜ್ಜಿಯ ಎದುರಿಗೆ ಕೂತಿರಲಿಲ್ಲ.

ಎರಡನೇ ತೊಡಕು, ಅರ್ಧಕ್ಕೆ ಬಿಟ್ಟದ್ದೆಲ್ಲ ಶ್ರೇಷ್ಠ ಅನ್ನುವ ಮೋಹ. ಇದು ಇವತ್ತಿನದಲ್ಲ. ಕಲಾವಿದರು ಸಾಯುವಾಗ ಮುಗಿಸದೇ ಬಿಟ್ಟ ಚಿತ್ರಗಳನ್ನು ಜನ ಮುಗಿದ ಚಿತ್ರಗಳಿಗಿಂತ ಹೆಚ್ಚು ಮೆಚ್ಚುತ್ತಾರೆ, ಯಾಕಂದರೆ ಅವುಗಳಲ್ಲಿ ಉಳಿದ ಗೆರೆಗಳಲ್ಲಿ ಕಲಾವಿದನ ಯೋಚನೆಯೇ ಕಾಣತ್ತೆ ಅಂತ ರೋಮಿನ ಪ್ಲಿನಿ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾನೆ. ಅದೇ ಮಾತಿನ ಎಳೆ ಹಿಡಿದು 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರೂಯರ್‌ನಲ್ಲಿ ಮುಗಿಯದ ಚಿತ್ರಗಳದೇ ದೊಡ್ಡ ಪ್ರದರ್ಶನ ನಡೆದಿತ್ತು. ಆದರೆ ಸೋಮಾರಿತನದಿಂದ ಬಿಟ್ಟದ್ದೂ ಇರತ್ತೆ, ಕೈಲಾಗದೆ ಬಿಟ್ಟದ್ದೂ ಇರತ್ತೆ. ನನ್ನ ಹೈಸ್ಕೂಲು ಡ್ರಾಯಿಂಗ್ ಪುಸ್ತಕದ ತುಂಬಾ ಅಂಥವೇ :) ಅವುಗಳಲ್ಲಿ ಯಾವ ಆತ್ಮೀಯತೆಯೂ ಇಲ್ಲ.

ಕಡಿಮೆ ಗೆರೆ ಬೇರೆ, ಅರ್ಧ ಗೆರೆ ಬೇರೆ ಅನ್ನೋದನ್ನೂ ನೆನಪಿಡಬೇಕು. ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರು ನಾಲ್ಕಾರು ಗೆರೆಯಲ್ಲಿ ಕುಣಿಯುವ ದೇಹವನ್ನು ನಿಲ್ಲಿಸಿಬಿಡ್ತಿದ್ದರು. ಅಲ್ಲಿ ಇನ್ನೊಂದು ಗೆರೆ ಬೇಕಾಗಿಲ್ಲ, ಅದು ಮುಗಿದ ಚಿತ್ರ. ಫ್ರಾನ್ಸಿನ ಆಂಗ್ರ ನೆಪೋಲಿಯನ್ ಬಿದ್ದ ಮೇಲೆ ರೋಮಿನಲ್ಲಿ ಹೊಟ್ಟೆಪಾಡಿಗೆ ಪ್ರವಾಸಿಗಳ ಪೆನ್ಸಿಲ್ ಚಿತ್ರ ಬರೆದುಕೊಡ್ತಿದ್ದ. 1819ರಲ್ಲಿ ಪಿಟೀಲುಗಾರ ಪಗನೀನಿಯ ಚಿತ್ರವನ್ನೂ ಬರೆದ. ಮುಖವನ್ನು ಕೂದಲೆಳೆಯಷ್ಟು ನಾಜೂಕಾಗಿ ತಿದ್ದಿ, ಕೋಟಿಗೆ ಬರೀ ಸಡಿಲ ಗೆರೆ ಎಳೆದು ಬಿಡುವುದು ಅವನ ರೀತಿ. ಅದೂ ಅವನು ಬೇಕೆಂದೇ ನಿಲ್ಲಿಸಿದ್ದು. ಚಿಕ್ಕಪ್ಪ ಬೇಕೆಂದು ನಿಲ್ಲಿಸಿದ್ದಲ್ಲ. ಅವನಿಗೆ ಮುಗಿಸುವ ಆಸೆಯಿತ್ತು. ಅಜ್ಜಿಗೆ ಹಾಲು ಕರೆಯುವ ಕೆಲಸ ಇತ್ತು. ಹಾಗೆ ಬದುಕು ನಡುವೆ ಬಂದು ನಿಂತ ಚಿತ್ರಕ್ಕೆ ಇರುವ ಆಪ್ತತೆ, ಕಲಾವಿದ ಲೆಕ್ಕ ಹಾಕಿ ಬಿಟ್ಟ ಖಾಲಿ ಜಾಗಕ್ಕೆ ಬರಲ್ಲ ಅಂತ ನನ್ನ ನಂಬಿಕೆ. ಆ ತರಿತರಿ ಕಾಗದದಲ್ಲಿ ಅಜ್ಜಿ ಸುಮ್ಮನಿರಲಿಲ್ಲ ಅನ್ನೋದು ಅಚ್ಚಾಗಿದೆ. ಬಾಯಿ ಬರೆದಿದ್ದರೆ ಅದು ಗೊತ್ತಾಗ್ತಿರಲಿಲ್ಲ.

ಗುಂಪಿನಲ್ಲಿ ಇನ್ನೊಬ್ಬರು, ಅರ್ಧ ಮುಖದ ಚಿತ್ರ ಮನೆಯಲ್ಲಿಡಬಾರದು, ಒಳ್ಳೇದಲ್ಲ ಅಂದರು. ಭಗ್ನವಾದ ಮೂರ್ತಿಗೆ ಪೂಜೆಯಿಲ್ಲ, ಸರಿ. ಆದರೆ ಒಡೆದದ್ದು ಬೇರೆ, ಇನ್ನೂ ಆಗ್ತಾ ಇರೋದು ಬೇರೆ ಅಲ್ವಾ? ಇದಕ್ಕಿಂತ ಹೆಚ್ಚು ವಾದ ಮಾಡೋಕೆ ನಾನು ಹೋಗಲಿಲ್ಲ.

ಮೂರನೇ ತೊಡಕೇ ದೊಡ್ಡದು. ಅತ್ತೆ. ಅವರಿಗೀಗ ಎಪ್ಪತ್ತು ದಾಟಿದೆ. ಅವರು ವಾದ ಮಾಡಲ್ಲ. "ಅಮ್ಮನ ಮುಖ ಒಂದ್ಸಲ ಪೂರ್ತಿ ನೋಡಬೇಕು ಅನ್ಸತ್ತೆ ಕಣೇ" ಅಂತಾರೆ ಅಷ್ಟೇ. ಇದರ ಮುಂದೆ ಪ್ಲಿನಿಯೂ ಇಲ್ಲ, ಆಸ್ಟಿನ್ನೂ ಇಲ್ಲ. ಮರೀತಾ ಬಂದಿರುವ ಮುಖವನ್ನು ಹಿಡಿದಿಟ್ಟುಕೊಳ್ಳೋಕೆ ಮಗಳೊಬ್ಬಳು ಬಯಸಿದರೆ ಅದು ತಪ್ಪು ಅನ್ನೋಕೆ ನಾನ್ಯಾರು?

ಹೋದ ಭಾನುವಾರ ಚಿಕ್ಕಪ್ಪನ ಚಿತ್ರದ ಒಂದು ಜೆರಾಕ್ಸನ್ನೂ ಒಂದು ಪೆನ್ಸಿಲ್ಲನ್ನೂ ತಗೊಂಡು ಅತ್ತೆಯ ಹತ್ತಿರ ಹೋದೆ. "ಬಾಯಿ ನೀವೇ ಬರೀರಿ ಅತ್ತೆ. ನೋಡಿದವರು ನೀವೊಬ್ಬರೇ ಉಳಿದಿರೋದು" ಅಂದೆ. "ನಂಗೆಲ್ಲಿ ಬರತ್ತೆ" ಅಂತ ನಕ್ಕರು. ಪೆನ್ಸಿಲ್ ಹಿಡಿದುಕೊಂಡು ಸುಮಾರು ಹೊತ್ತು ಕೂತರು. ಆಮೇಲೆ "ಮಾತಾಡ್ತಾ ಮಾತಾಡ್ತಾ ಬಲಗಡೆಗೆ ಹೀಗೆ ಎಳೀತಿದ್ಳು" ಅಂತ ತಮ್ಮ ಬಾಯಲ್ಲೇ ಮಾಡಿ ತೋರಿಸಿದರು. ಎಮ್ಮೆ ಕಥೆಯನ್ನು ಅಜ್ಜಿ ಹೇಗೆ ಹೇಳ್ತಿದ್ದಳೋ ಹಾಗೇ ಹೇಳಿದರು. ಅರ್ಧ ಗಂಟೆ. ಜೆರಾಕ್ಸಿನ ಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಅವರ ಮಗ ಇದನ್ನೆಲ್ಲ ನೋಡ್ತಾ ಬಾಗಿಲಲ್ಲಿ ನಿಂತಿದ್ದ. ಏನೂ ಹೇಳಲಿಲ್ಲ. ಕ್ಯಾನ್ವಾಸ್ ಆರ್ಡರ್ ಇನ್ನೂ ಕೊಟ್ಟಿಲ್ಲ ಅಂತ ಆಮೇಲೆ ಗೊತ್ತಾಯ್ತು. ಕೊಡ್ತಾನೋ ಬಿಡ್ತಾನೋ ಅವನ ಮನೆ, ಅವನ ಗೋಡೆ. ನಾನು ಕೇಳಿಕೊಂಡದ್ದು ಒಂದೇ. ಆ ಚಿತ್ರ ಹಾಕಿದರೆ ಪಕ್ಕದಲ್ಲಿ ಚಿಕ್ಕಪ್ಪ ಬರೆದದ್ದನ್ನೂ ಅಷ್ಟೇ ದೊಡ್ಡದಾಗಿ ಹಾಕು, ಮಕ್ಕಳು ಕೇಳಲಿ, ಇದಕ್ಕೆ ಯಾಕೆ ಬಾಯಿಲ್ಲ ಅಂತ. ಆಗ ಯಾರಾದರೂ ಎಮ್ಮೆ ಕಥೆ ಹೇಳಲೇಬೇಕಾಗತ್ತೆ.

ಕೊನೆಗೆ ನಿಮಗೆಲ್ಲ ಒಂದಿಷ್ಟು ಬಿಟ್ಟಿ ಸಲಹೆ. ಇಂಥ ಚಿತ್ರ ಮನೆಯಲ್ಲಿದ್ದರೆ ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಗೆ ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಆಮೇಲೆ ಬಿಡಿಸೋಕಾಗಲ್ಲ. ಮಡಚಿಡಬೇಡಿ. ಮೇಲೊಂದು ತೆಳುವಾದ ಒಳ್ಳೆಯ ಕಾಗದ ಹೊದಿಸಿ, ಒತ್ತಡ ಬೀಳದ ಹಾಗೆ ಮಲಗಿಸಿಡಿ, ಮೇಲೆ ಏನಾದರೂ ಉಜ್ಜಿದರೆ ಗ್ರಾಫೈಟ್ ಹರಡತ್ತೆ. ಫ್ರೇಮು ಹಾಕಿಸೋದಾದರೆ ಗಾಜು ಚಿತ್ರಕ್ಕೆ ತಾಗದ ಹಾಗೆ ಸುತ್ತ ದಪ್ಪ ರಟ್ಟಿನ ಅಂಚು ಕೊಡಿಸಿ, ಬಿಸಿಲು ನೇರ ಬೀಳುವ ಗೋಡೆ ಬೇಡ. ಎಲ್ಲಕ್ಕಿಂತ ಮುಖ್ಯ, ಅದರ ಜೊತೆಗೊಂದು ಚೀಟಿ ಇಡಿ. ಯಾರು ಬರೆದದ್ದು, ಯಾರ ಮುಖ, ಯಾವ ಊರು, ಯಾವ ವರ್ಷ. ಯಾಕೆ ನಿಂತಿತು ಅಂತ ಗೊತ್ತಿದ್ದರೆ ಅದನ್ನೂ ಬರೆಯಿರಿ. ಹಾಲು ಕರೆಯೋ ಹೊತ್ತಾಯ್ತು ಅಂತಲೋ, ಕರೆಂಟು ಹೋಯ್ತು ಅಂತಲೋ, ಬಸ್ಸು ಬಂತು ಅಂತಲೋ.

ನಿಮ್ಮನೆಯಲ್ಲೂ ಇಂಥದ್ದೊಂದು ಇದೆಯಾ? ಎಲ್ಲಿಗೆ ನಿಂತಿದೆ? ನಾನು ಹೇಳಿದ್ದು ತೀರಾ ಅತಿಯಾಯ್ತು ಅನ್ನಿಸಿದರೆ ಅದನ್ನೂ ಹೇಳಿ. ಜಗಳ ನನಗೀಗ ಅಭ್ಯಾಸ ಆಗಿದೆ :)